ಕೊಲಿಮಾದ ದಾರಿಯಲ್ಲಿ ಕಾಣೆಯಾಗುವ ಇಂಗಾಲ

ಏಪ್ರಿಲ್ ತಿಂಗಳು. ನಿಮ್ಮ ಕಾಲ ಕೆಳಗೆ ಒಂದೂವರೆ ಮೀಟರಿನಷ್ಟು ದಪ್ಪದ ಮಂಜುಗಡ್ಡೆ ಇದೆ. ಅದರ ಕೆಳಗೆ, ಕತ್ತಲಲ್ಲಿ, ಕೊಲಿಮಾ ನದಿ ಹರಿಯುತ್ತಿದೆ. ಹರಿಯುವ ಸದ್ದು ಮೇಲಕ್ಕೆ ಕೇಳುವುದಿಲ್ಲ. ನದಿ ಎಲ್ಲಿ ಮುಗಿಯಿತು, ದಡ ಎಲ್ಲಿಂದ ಶುರುವಾಯಿತು ಎಂದು ತಿಳಿಯಬೇಕಾದರೆ ಹಿಮದಿಂದ ತಲೆಯೆತ್ತಿದ ವಿಲ್ಲೋ ಪೊದೆಗಳನ್ನು ಹುಡುಕಬೇಕು. ಚಳಿಗಾಲ ಪೂರ್ತಿ ಈ ನದಿಯೇ ಇಲ್ಲಿನವರ ಹೆದ್ದಾರಿ. ಸರಕು ಲಾರಿಗಳ ಚಕ್ರದ ಗುರುತು ನದಿಯ ನಡುವೆ ಉದ್ದಕ್ಕೆ ಸಾಗಿ ಬಿಳಿಯಲ್ಲಿ ಮಾಯವಾಗಿದೆ.

ಬೈರಿಗೆಯ ಹಲ್ಲನ್ನು ಗಡ್ಡೆಗೆ ಊರಿ ಎಂಜಿನ್ ಚಾಲೂ ಮಾಡುತ್ತೀರಿ. ಮೊದಲು ಪುಡಿಹಿಮ ಹಾರುತ್ತದೆ, ಆಮೇಲೆ ಗಟ್ಟಿ ಮಂಜಿನ ಚೂರು. ತುಂಬ ಹೊತ್ತು ಅಷ್ಟೇ. ಇದ್ದಕ್ಕಿದ್ದಂತೆ ಬೈರಿಗೆ ಹಗುರಾಗಿ ಕೆಳಗಿಳಿಯುತ್ತದೆ, ತೂತಿನಿಂದ ನೀರು ಬುಳುಬುಳು ಉಕ್ಕಿ ನಿಮ್ಮ ಬೂಟಿನ ಸುತ್ತ ಹರಡಿ ಕ್ಷಣದಲ್ಲೇ ಹೆಪ್ಪುಗಟ್ಟತೊಡಗುತ್ತದೆ. ಬಾಟಲಿಯನ್ನು ಅದೇ ನೀರಿನಲ್ಲಿ ಗಲಬರಿಸಿ ಚೆಲ್ಲಿ, ಮತ್ತೆ ಗಲಬರಿಸಿ ಚೆಲ್ಲಿ, ಕೊನೆಗೆ ತುಂಬಿಸಿಕೊಳ್ಳುತ್ತೀರಿ. ಬೆಳಕಿಗೆ ಹಿಡಿದರೆ ಹೆಚ್ಚುಕಡಿಮೆ ತಿಳಿ. ಇದರಲ್ಲಿ ಕರಗಿರುವ ಸಾವಯವ ಇಂಗಾಲ ಲೀಟರಿಗೆ ಮೂರು ಮಿಲಿಗ್ರಾಂ ಆಸುಪಾಸು. ನದಿ ಈಗ ಹೆಚ್ಚೇನನ್ನೂ ಹೊತ್ತಿಲ್ಲ.

ನೀವು ನಿಂತಿರುವುದು ಚೆರ್ಸ್ಕಿ ಎಂಬ ಊರಿನ ಎದುರು. ರಷ್ಯಾದ ಈಶಾನ್ಯ ಮೂಲೆ, ಯಾಕುತಿಯಾ. ಅಕ್ಷಾಂಶ 69 ಡಿಗ್ರಿಗೆ ಸ್ವಲ್ಪ ಕಡಿಮೆ. ಇಲ್ಲಿಂದ ಉತ್ತರಕ್ಕೆ ಹರಿದು ನದಿ ಪೂರ್ವ ಸೈಬೀರಿಯಾ ಸಮುದ್ರ ಸೇರುತ್ತದೆ. ಅದರ ಜಲಾನಯನ ಪ್ರದೇಶ ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್. ಅಷ್ಟೂ ನೆಲದ ಅಡಿಯಲ್ಲಿ ಹೆಪ್ಪುಗಟ್ಟಿದ ಮಣ್ಣಿದೆ. ಎಲ್ಲೋ ತುಸು ಬಿಟ್ಟು ಎಲ್ಲೋ ತುಸು ಹಿಡಿದು ಅಲ್ಲ, ಒಂದೇ ಸಮನೆ. ಹೀಗೆ ಸಂಪೂರ್ಣವಾಗಿ ಪರ್ಮಾಫ್ರಾಸ್ಟ್ ಮೇಲೆ ಕುಳಿತ ಜಲಾನಯನಗಳಲ್ಲಿ ಇದಕ್ಕಿಂತ ದೊಡ್ಡದು ಭೂಮಿಯ ಮೇಲಿಲ್ಲ. ಓಬ್, ಯೆನಿಸೆ, ಲೆನಾ ನದಿಗಳು ಕೊಲಿಮಾಕ್ಕಿಂತ ಬಹಳ ದೊಡ್ಡವು. ಆದರೆ ಅವು ದಕ್ಷಿಣದ ಬಿಸಿ ನೆಲಗಳಿಂದಲೂ ನೀರು ತರುತ್ತವೆ. ಹೆಪ್ಪುಗಟ್ಟಿದ ನೆಲ ಕರಗಿದರೆ ನದಿ ಏನು ಮಾಡುತ್ತದೆ ಎಂದು ಕೇಳಬೇಕಾದರೆ ಕೊಲಿಮಾವನ್ನೇ ಕೇಳಬೇಕು. 1980ರ ದಶಕದಿಂದ ಸೆರ್ಗೆಯ್ ಝಿಮೋವ್ ಇಲ್ಲಿ ನಡೆಸುತ್ತ ಬಂದ ಈಶಾನ್ಯ ವಿಜ್ಞಾನ ಕೇಂದ್ರಕ್ಕೆ ದೇಶದೇಶದ ಸಂಶೋಧಕರು ಬಂದದ್ದು ಈ ಪ್ರಶ್ನೆ ಹಿಡಿದೇ.

ಪ್ರಶ್ನೆಯ ತೂಕವನ್ನು ಒಂದು ಅಂಕಿಯಲ್ಲಿ ಹೇಳಬಹುದು. ಉತ್ತರ ಧ್ರುವದ ಸುತ್ತಲಿನ ಹೆಪ್ಪುಗಟ್ಟಿದ ನೆಲದಲ್ಲಿ 1,400ರಿಂದ 1,600 ಶತಕೋಟಿ ಟನ್ ಇಂಗಾಲ ಹೂತು ಕುಳಿತಿದೆ. ಇದು ಈಗ ಇಡೀ ವಾತಾವರಣದಲ್ಲಿರುವ ಇಂಗಾಲದ ಹೆಚ್ಚುಕಡಿಮೆ ಎರಡರಷ್ಟು. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ.

ತೂತು ಆಗಲೇ ತೆಳು ಪದರದಿಂದ ಮುಚ್ಚಿಕೊಂಡಿದೆ. ಬಾಟಲಿಯನ್ನು ಕೋಟಿನ ಒಳಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕೇಂದ್ರ ತಲುಪುವ ಮೊದಲೇ ಅದೂ ಗಟ್ಟಿಯಾಗುತ್ತದೆ.

ಮೇ ಕೊನೆಯ ವಾರ. ಸೂರ್ಯ ಮುಳುಗುವುದನ್ನು ನಿಲ್ಲಿಸಿದ್ದಾನೆ. ನಡುರಾತ್ರಿಯೂ ದಿಗಂತದ ಮೇಲೆ ಓರೆಯಾಗಿ ಜಾರುತ್ತಾನೆ, ಲಾರ್ಚ್ ಮರಗಳ ನೆರಳು ಮೈಲುದ್ದ ಚಾಚುತ್ತದೆ. ಹಿಮ ಒಳಗಿಂದ ಟೊಳ್ಳಾಗುತ್ತಿದೆ. ಕಾಲಿಟ್ಟರೆ ಮೊಣಕಾಲಿನ ತನಕ ಹೂತು, ಕೆಳಗೆ ಹರಿಯುವ ನೀರಿಗೆ ಪಾದ ತಾಗುತ್ತದೆ. ಎಲ್ಲ ಕಡೆಯಿಂದ ಜುಳುಜುಳು. ಆದರೆ ಈ ನೀರು ಹೋಗಬೇಕಾದ್ದೆಲ್ಲಿಗೆ? ನೆಲ ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿದೆ, ಇಂಗಲು ಜಾಗವಿಲ್ಲ. ಹಾಗಾಗಿ ಅದು ನೆಲದ ಮೇಲ್ಪದರದ ಒಳಗೆ ಮಾತ್ರ ನುಸುಳುತ್ತ ಇಳಿಜಾರು ಹಿಡಿಯುತ್ತದೆ. ಆ ಮೇಲ್ಪದರ ಎಂದರೆ ಹೋದ ಶರತ್ಕಾಲದಲ್ಲಿ ಲಾರ್ಚ್ ಉದುರಿಸಿದ ಸೂಜಿ ಎಲೆ, ಪಾಚಿ, ಕಲ್ಲುಹೂವು, ಜೊಂಡು, ಪೊದೆಗಳ ತರಗು. ಚಳಿಗಾಲದ ಗಡ್ಡೆ ಆ ಎಲೆಗಳ ಜೀವಕೋಶಗಳನ್ನು ಸೀಳಿಟ್ಟಿದೆ. ತಣ್ಣನೆಯ ನೀರು ಹಾದುಹೋಗುತ್ತ ಅವುಗಳ ಸತ್ತ್ವವನ್ನೆಲ್ಲ ಹಿಂಡಿಕೊಳ್ಳುತ್ತದೆ. ನೀವು ಬೊಗಸೆಯಲ್ಲಿ ಎತ್ತಿದರೆ ಹಾಲು ಹಾಕದ ಚಹಾದ ಬಣ್ಣ.

ಇತ್ತ ನದಿ ಗಡ್ಡೆಯ ಕೆಳಗೇ ಉಬ್ಬುತ್ತಿದೆ. ಉತ್ತರಕ್ಕೆ ಹರಿಯುವ ನದಿಗಳ ಕಷ್ಟ ಇದು: ಮೇಲ್ದಂಡೆ ದಕ್ಷಿಣದಲ್ಲಿದೆ, ಅಲ್ಲಿ ಮೊದಲು ಕರಗುತ್ತದೆ, ನೆರೆ ಹಿಂದಿನಿಂದ ಬಂದು ಇನ್ನೂ ಮುಚ್ಚಿರುವ ಬಾಗಿಲಿಗೆ ಹೆಗಲು ಕೊಡುತ್ತದೆ. ಗಡ್ಡೆ ಮೊದಲು ಬೂದಿಬಣ್ಣಕ್ಕೆ ತಿರುಗುತ್ತದೆ. ದಡದ ಉದ್ದಕ್ಕೂ ನೀರಿನ ಪಟ್ಟಿ ಕಾಣಿಸುತ್ತದೆ. ದಿನಗಳ ಕಾಲ ಏನೂ ಆಗುವುದಿಲ್ಲ. ಊರಿನವರು ದಡಕ್ಕೆ ಬಂದು ನೋಡಿ ಹೋಗುತ್ತಾರೆ. ಆಮೇಲೊಂದು ಹೊತ್ತಿನಲ್ಲಿ ನಿಮ್ಮ ಎದೆಗೆ ತಾಗುವಂಥ ಗುಡುಗು; ಆಕಾಶದ್ದಲ್ಲ, ಕಾಲಡಿಯದ್ದು. ನದಿಯ ಇಡೀ ಅಗಲ ಒಮ್ಮೆಲೇ ಕದಲುತ್ತದೆ. ಕೋಣೆಯಷ್ಟು ದೊಡ್ಡ ಗಡ್ಡೆಗಳು ಒಂದರ ಮೇಲೊಂದು ಏರಿ, ಬುಡಮೇಲಾಗಿ, ದಡದ ಮಣ್ಣನ್ನು ಉತ್ತುಕೊಂಡು, ಬೇರುಸಹಿತ ಕಿತ್ತ ಮರಗಳನ್ನು ಎಳೆದುಕೊಂಡು ಸಾಗುತ್ತವೆ. ತಿಂಗಳ ಹಿಂದೆ ನೀವು ತೂತು ಕೊರೆದ ನದಿ ಇದೇ ಎಂದು ನಂಬುವುದು ಕಷ್ಟ.

ಗಡ್ಡೆಯ ದಟ್ಟಣೆ ಕಳೆದ ಕೂಡಲೇ ದೋಣಿ ಇಳಿಸಬೇಕು. ಅಪಾಯದ ಕೆಲಸ, ಆದರೆ ತಪ್ಪಿಸುವಂತಿಲ್ಲ. ಆರ್ಕ್ಟಿಕ್ ನದಿಗಳು ವರ್ಷದಲ್ಲಿ ಸಾಗಿಸುವ ಕರಗಿದ ಇಂಗಾಲದ ಅರ್ಧದಷ್ಟು ಈ ಕೆಲವೇ ವಾರಗಳಲ್ಲಿ ಹಾದುಹೋಗುತ್ತದೆ. ಬಹಳ ಕಾಲ ಸಂಶೋಧಕರು ಬರುತ್ತಿದ್ದದ್ದು ಬೇಸಿಗೆಯಲ್ಲಿ, ನೀರು ಶಾಂತವಾದ ಮೇಲೆ. ಹಾಗಾಗಿ ನದಿಯ ದೊಡ್ಡ ಹೊರೆ ಲೆಕ್ಕಕ್ಕೇ ಬಂದಿರಲಿಲ್ಲ. 2003ರಲ್ಲಿ ಅದು ಬದಲಾಯಿತು. ಆರ್ಕ್ಟಿಕ್‌ನ ಆರು ದೊಡ್ಡ ನದಿಗಳ ಕೊನೆಯ ಊರುಗಳಲ್ಲಿ ಒಂದೇ ವಿಧಾನದಿಂದ, ಒಂದೇ ಬಗೆಯ ಸಲಕರಣೆಯಿಂದ, ನೆರೆಯನ್ನೂ ಬಿಡದೆ ನೀರು ಹಿಡಿಯುವ ಏರ್ಪಾಡಾಯಿತು. ಓಬ್ ನದಿಗೆ ಸಲೆಖಾರ್ಡ್, ಯೆನಿಸೆಗೆ ದುದಿಂಕಾ, ಲೆನಾಕ್ಕೆ ಝಿಗಾನ್ಸ್ಕ್, ಕೊಲಿಮಾಕ್ಕೆ ಚೆರ್ಸ್ಕಿ, ಅಲಾಸ್ಕಾದ ಯುಕಾನ್‌ಗೆ ಪೈಲಟ್ ಸ್ಟೇಷನ್, ಕೆನಡಾದ ಮೆಕೆಂಜಿಗೆ ತ್ಸೀಗೆಚಿಕ್. ದೋಣಿ ಓಡಿಸಿ ನೀರು ಹಿಡಿದವರು ಹೆಚ್ಚಾಗಿ ಆಯಾ ಊರಿನವರೇ. ವಿಜ್ಞಾನದ ಲೇಖನಗಳಲ್ಲಿ ಒಂದು ಸಾಲಿನ ಕೃತಜ್ಞತೆಗೆ ನಿಲ್ಲುವ ಈ ಜನರ ಕೈಕೆಲಸದ ಮೇಲೆ ಆ ಲೇಖನಗಳೆಲ್ಲ ನಿಂತಿವೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಈಗ ಕೇಂದ್ರದ ಒಳಗೆ ಬನ್ನಿ. ಮೇಜಿನ ಮೇಲೆ ಪಂಪು, ಅದಕ್ಕೆ ಜೋಡಿಸಿದ ಸೋಸುವ ಬಟ್ಟಲು, ಪಕ್ಕದಲ್ಲಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಟ್ಟ ಬಿಳಿಯ ಬಿಲ್ಲೆಗಳು. ಗಾಜಿನ ನಾರಿನಿಂದ ಮಾಡಿದ ಈ ಸೋಸುಬಿಲ್ಲೆಗಳನ್ನು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಸುಟ್ಟು ತಂದಿದ್ದಾರೆ; ಅವುಗಳ ಮೇಲಿದ್ದ ಇಂಗಾಲದ ಕೊನೆಯ ಕಣವೂ ಹೋಗಿರಬೇಕು. ಬೆರಳಿನಿಂದ ಮುಟ್ಟಬೇಡಿ. ನಿಮ್ಮ ಚರ್ಮದ ಎಣ್ಣೆಯೂ ಇಂಗಾಲವೇ. ಚಿಮುಟದಲ್ಲಿ ಎತ್ತಿ ಇಡಿ, ನೀರು ಸುರಿಯಿರಿ, ಪಂಪು ಒತ್ತಿ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣ ರಂಧ್ರಗಳ ಮೂಲಕ ನೀರು ಹನಿಹನಿಯಾಗಿ ಇಳಿಯುತ್ತದೆ. ಬಿಲ್ಲೆಯ ಮೇಲೆ ಉಳಿದ ಕಂದು ಕೆಸರು ಕಣರೂಪದ ಇಂಗಾಲ. ಕೆಳಗೆ ಇಳಿದ ನೀರು ತಿಳಿಯಾಗಿದೆ, ಆದರೆ ಅದರ ಕಂದು ಬಣ್ಣ ಹೋಗಿಲ್ಲ. ಅದು ಕರಗಿದ ಇಂಗಾಲ. ಲೀಟರಿಗೆ ಹತ್ತು ಮಿಲಿಗ್ರಾಂ ದಾಟಿದೆ, ಏಪ್ರಿಲ್‌ನ ಮೂರು ಪಟ್ಟಿಗಿಂತ ಹೆಚ್ಚು. ಒಂದೇ ನದಿಯ ಒಂದೇ ಬಾಟಲಿಯ ಈ ಎರಡು ಪಾಲುಗಳ ಮುಂದಿನ ಬದುಕು ಬೇರೆಬೇರೆ, ಅದಕ್ಕೇ ಬೇರ್ಪಡಿಸುವುದು.

ಕೊಲಿಮಾ ವರ್ಷಕ್ಕೆ ಸುಮಾರು 8 ಲಕ್ಷ ಟನ್ ಕರಗಿದ ಇಂಗಾಲವನ್ನು ಸಮುದ್ರಕ್ಕೆ ಒಯ್ಯುತ್ತದೆ. ಆರೂ ದೊಡ್ಡ ನದಿಗಳು ಸೇರಿ 1.8 ಕೋಟಿ ಟನ್, ಸಣ್ಣಪುಟ್ಟವನ್ನೂ ಕೂಡಿಸಿದರೆ ಆರ್ಕ್ಟಿಕ್ ಸಾಗರಕ್ಕೆ 3.4 ಕೋಟಿ ಟನ್. ಕಣರೂಪದ್ದು ಇದಕ್ಕಿಂತ ಬಹಳ ಕಡಿಮೆ, ವರ್ಷಕ್ಕೆ ಸುಮಾರು 60 ಲಕ್ಷ ಟನ್. ಭೂಮಿಯ ಸಾಗರಗಳ ನೀರಿನಲ್ಲಿ ಆರ್ಕ್ಟಿಕ್‌ನ ಪಾಲು ನೂರಕ್ಕೆ ಒಂದರಷ್ಟು ಮಾತ್ರ. ಆದರೆ ಜಗತ್ತಿನ ನದಿಗಳು ಸುರಿಯುವ ನೀರಿನಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಅಲ್ಲಿಗೇ ಹೋಗುತ್ತದೆ. ಬೇರಾವ ಸಾಗರದ ಮೇಲೂ ನೆಲದ ಪ್ರಭಾವ ಇಷ್ಟಿಲ್ಲ. ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್ಬಾರ್ಡ್ ನಡುವಿನ ಫ್ರಾಮ್ ಜಲಸಂಧಿಯ ನೀರಿನಲ್ಲೂ ಸೈಬೀರಿಯಾದ ಮರಗಿಡಗಳ ಲಿಗ್ನಿನ್ ಅಂಶ ಪತ್ತೆಯಾಗುತ್ತದೆ.

ಇನ್ನು ವಯಸ್ಸಿನ ಲೆಕ್ಕ. ಜೀವಂತ ಗಿಡದ ಇಂಗಾಲದಲ್ಲಿ ಅತ್ಯಲ್ಪ ಪ್ರಮಾಣದ ಕಾರ್ಬನ್-14 ಇರುತ್ತದೆ. ಗಿಡ ಸತ್ತ ಮೇಲೆ ಅದು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಅದರ ಪ್ರಮಾಣವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದ್ದರಿಂದ, ಆಮೇಲೆ ಬೆಳೆದ ಗಿಡಗಳಿಗೆಲ್ಲ ಒಂದು ಗುರುತು ಬಿದ್ದಿದೆ. ಜೂನ್ ನೆರೆಯ ಕರಗಿದ ಇಂಗಾಲವನ್ನು ಅಳೆದರೆ ಆ ಬಾಂಬಿನ ಗುರುತು ಎದ್ದು ಕಾಣುತ್ತದೆ. ಅಂದರೆ ಅದು ಹೊಸದು. ಕೆಲವು ವರ್ಷ, ಹೆಚ್ಚೆಂದರೆ ಕೆಲವು ದಶಕ.

ಇಲ್ಲಿ ನಿಂತು ಸ್ವಲ್ಪ ಯೋಚಿಸಿ. ಸಾವಿರಾರು ವರ್ಷಗಳ ಹಳೆಯ ಇಂಗಾಲದಿಂದ ತುಂಬಿದ ಆರೂವರೆ ಲಕ್ಷ ಚದರ ಕಿಲೋಮೀಟರ್ ನೆಲ. ಅದನ್ನು ಕೊರೆಯುತ್ತ, ತೊಳೆಯುತ್ತ ಬರುವ ನದಿ. ಆದರೆ ಕೊನೆಯ ಊರಿನಲ್ಲಿ ಬಾಟಲಿ ಹಿಡಿದರೆ ಸಿಗುವುದು ನಿನ್ನೆ ಮೊನ್ನೆಯ ಎಲೆ. ಹಳೆಯದು ಇನ್ನೂ ನೆಲದಲ್ಲೇ ಭದ್ರವಾಗಿದೆ, ಕರಗತೊಡಗಿಲ್ಲ ಎಂದು ಸಮಾಧಾನಪಡಬಹುದು. ಅನೇಕರು ಹಾಗೆಯೇ ಓದಿದರು. ಅದು ಸರಿಯೇ ಎಂದು ನೋಡಲು ದೋಣಿ ಹತ್ತಿ ಮೇಲ್ದಂಡೆಗೆ ಹೋಗಬೇಕು.

ಜುಲೈ. ಹುಟ್ಟುದೋಣಿಯಲ್ಲ, ಮೋಟಾರು ದೋಣಿ. ಆದರೂ ಗಂಟೆಗಟ್ಟಲೆ ದಾರಿ. ಸೊಳ್ಳೆಗಳು ದಡ ಬಿಟ್ಟ ಮೇಲೂ ಸ್ವಲ್ಪ ದೂರ ಬೆನ್ನಟ್ಟುತ್ತವೆ, ನಡುನೀರಿನ ಗಾಳಿಗೆ ಸಿಕ್ಕಮೇಲೆ ನಿಮ್ಮನ್ನು ಬಿಡುತ್ತವೆ. ನದಿ ಇಲ್ಲಿ ಕಿಲೋಮೀಟರುಗಳಷ್ಟು ಅಗಲ. ದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಮೀನುಗಾರರ ಗುಡಿಸಲು, ಒಣಗಲು ಹಾಕಿದ ಬಲೆ. ರಷ್ಯನ್ನರಿಗೆ ಕೊಲಿಮಾ ಎಂಬ ಹೆಸರು ಕೇಳಿದರೆ ಮೊದಲು ನೆನಪಾಗುವುದು ಮೇಲ್ದಂಡೆಯ ಚಿನ್ನದ ಗಣಿಗಳು, ಸ್ಟಾಲಿನ್ ಕಾಲದ ಕೈದಿಗಳ ಶಿಬಿರಗಳು. ಚೆರ್ಸ್ಕಿ ಊರಿನ ಹೆಸರಿನ ಹಿಂದೆಯೂ ಒಬ್ಬ ಗಡೀಪಾರಾದವನಿದ್ದಾನೆ. 1863ರ ಪೋಲಿಷ್ ದಂಗೆಯಲ್ಲಿ ಸೇರಿದ್ದಕ್ಕೆ ಸೈಬೀರಿಯಾಕ್ಕೆ ಅಟ್ಟಲ್ಪಟ್ಟ ಯಾನ್ ಚೆರ್ಸ್ಕಿ, ಶಿಕ್ಷೆಯ ನೆಲದಲ್ಲೇ ಭೂವಿಜ್ಞಾನ ಕಲಿತು ಅದರ ದೊಡ್ಡ ಪರಿಶೋಧಕನಾದ. 1892ರಲ್ಲಿ ಇದೇ ನದಿಯಲ್ಲಿ ಸಾಗುತ್ತಿದ್ದಾಗ ತೀರಿಕೊಂಡ. ಜೊತೆಗಿದ್ದ ಹೆಂಡತಿ ಮಾವ್ರಾ ಯಾತ್ರೆಯನ್ನು ಅಲ್ಲಿಗೇ ಬಿಡದೆ ಮುಂದುವರಿಸಿದಳು. ಈ ನದಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಅಂಥವರ ಪಾಲು ದೊಡ್ಡದು.

ಬಲದಂಡೆ ಎತ್ತರವಾಗುತ್ತಿದೆ. ಕಾಣುವ ಮೊದಲು ಮೂಗಿಗೆ ಬರುತ್ತದೆ: ಹಳೆಯ ಗೊಬ್ಬರದ ವಾಸನೆ, ಒದ್ದೆ ಮಣ್ಣಿನದು, ಅದರೊಳಗೆ ಏನೋ ಕೊಳೆಯುತ್ತಿರುವುದು. ತಿರುವು ದಾಟಿದರೆ ದುವಾನ್ನಿ ಯಾರ್. ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ನದಿ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ, ಎತ್ತರ ಅಲ್ಲಲ್ಲಿ ಹದಿನೈದು ಅಂತಸ್ತಿನಷ್ಟು. ದೋಣಿಯ ಮೋಟಾರು ನಿಲ್ಲಿಸಿದ ಕೂಡಲೇ ಕೇಳಿಸುತ್ತದೆ: ಇಡೀ ಗೋಡೆ ತೊಟ್ಟಿಕ್ಕುತ್ತಿದೆ. ನಡುನಡುವೆ ಧೊಪ್ಪನೆ ಮಣ್ಣಿನ ಹೆಂಟೆ ಬೀಳುವ ಸದ್ದು. ತೀರಾ ಹತ್ತಿರ ಹೋಗಬೇಡಿ. ಮನೆಯಷ್ಟು ದೊಡ್ಡ ತುಂಡುಗಳೂ ಕಳಚಿ ಬೀಳುತ್ತವೆ.

ಕೆಸರಿನಲ್ಲಿ ಮೊಣಕಾಲಿನ ತನಕ ಹೂಳುತ್ತ ಗೋಡೆಯ ಬುಡಕ್ಕೆ ಬನ್ನಿ. ಮೊದಲು ಕಣ್ಣಿಗೆ ಬೀಳುವುದು ಮಣ್ಣಲ್ಲ, ಮಂಜುಗಡ್ಡೆ. ಮೇಲಿಂದ ಕೆಳಗೆ ಇಳಿದ ಭಾರಿ ಬೆಣೆಗಳು, ಬೂದು, ಉದ್ದುದ್ದ ಗೆರೆಗಳು. ಹಿಮಯುಗದ ಚಳಿಗಾಲಗಳಲ್ಲಿ ನೆಲ ಬಿರುಕು ಬಿಡುತ್ತಿತ್ತು. ವಸಂತದಲ್ಲಿ ಕರಗಿದ ಹಿಮದ ನೀರು ಬಿರುಕಿಗೆ ಇಳಿದು ಹೆಪ್ಪುಗಟ್ಟುತ್ತಿತ್ತು. ಮುಂದಿನ ಚಳಿಗೆ ಅದೇ ಜಾಗ ಮತ್ತೆ ಬಿರುಕು ಬಿಡುತ್ತಿತ್ತು. ಪ್ರತಿ ಗೆರೆ ಒಂದು ಅಂಥ ಬಿರುಕು. ಹೀಗೆ ಸಾವಿರಾರು ವರ್ಷ. ಗಾಳಿ ತಂದ ನಯವಾದ ಧೂಳು ಮೇಲೆ ಮೇಲೆ ಕೂರುತ್ತ ನೆಲ ಏರಿತು, ನೆಲದ ಜೊತೆ ಬೆಣೆಯೂ ಮೇಲಕ್ಕೆ ಬೆಳೆಯಿತು. ಈ ನೆಲಕ್ಕೆ ಯೆಡೋಮಾ ಎನ್ನುತ್ತಾರೆ. ಇದರ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಮಂಜುಗಡ್ಡೆ. ಗಡ್ಡೆ ಕರಗಿ ಹರಿದುಹೋದ ಕಡೆ, ನಡುವಿನ ಮಣ್ಣು ಮಾತ್ರ ದಿಬ್ಬ ದಿಬ್ಬವಾಗಿ ಸಾಲಾಗಿ ನಿಂತಿರುವುದನ್ನು ನೋಡುತ್ತಿದ್ದೀರಿ.

ಒಂದು ಹೆಂಟೆಯನ್ನು ಮುರಿದು ನೋಡಿ. ಒಳಗೆ ಕೂದಲೆಳೆಯಷ್ಟು ಸಣ್ಣ ಬೇರುಗಳು. ಅವು ಇಂದಿನವಲ್ಲ. ಮ್ಯಾಮತ್, ಕಾಡೆಮ್ಮೆ, ಕುದುರೆ ಮೇಯುತ್ತಿದ್ದ ಹುಲ್ಲುಗಾವಲಿನ ಬೇರುಗಳು. ಇಪ್ಪತ್ತು, ಮೂವತ್ತು, ನಲವತ್ತು ಸಾವಿರ ವರ್ಷ ಹಳೆಯವು. ಧೂಳು ಮೇಲೇರಿದಂತೆ ಕೆಳಗಿನ ಬೇರು ಕೊಳೆಯುವ ಮೊದಲೇ ಹೆಪ್ಪಿನೊಳಗೆ ಸೇರಿತು, ಅಲ್ಲಿಗೇ ನಿಂತಿತು. ಎಷ್ಟು ಚೆನ್ನಾಗಿ ನಿಂತಿತು ಎಂಬುದಕ್ಕೆ ಇದೇ ಗೋಡೆ ಸಾಕ್ಷಿ ಹೇಳಿದೆ. ಗೋಡೆಯ ಮೇಲ್ಭಾಗದಿಂದ 38 ಮೀಟರ್ ಆಳದಲ್ಲಿ ಹಿಮಯುಗದ ನೆಲ ಅಳಿಲುಗಳ ಬಿಲಗಳು ಸಿಕ್ಕವು, ಅವುಗಳಲ್ಲಿ ಅಳಿಲುಗಳು ಕೂಡಿಟ್ಟ ಕಾಯಿಗಳು. ರಷ್ಯಾದ ವಿಜ್ಞಾನಿಗಳಾದ ಸ್ವೆತ್ಲಾನಾ ಯಾಶಿನಾ, ದಾವಿದ್ ಗಿಲಿಚಿನ್ಸ್ಕಿ ಮತ್ತು ಸಂಗಡಿಗರು ಸುಮಾರು 32,000 ವರ್ಷ ಹಳೆಯ ಆ ಕಾಯಿಗಳ ಅಂಗಾಂಶದಿಂದ ಸಿಲೀನ್ ಎಂಬ ಗಿಡವನ್ನು ಮತ್ತೆ ಬೆಳೆಸಿದರು. 2012ರಲ್ಲಿ ಪ್ರಕಟವಾಯಿತು. ಗಿಡ ಬಿಳಿ ಹೂ ಬಿಟ್ಟು ಬೀಜವನ್ನೂ ಕಟ್ಟಿತು.

ನನಗೆ ಈ ಸುದ್ದಿ ಬೆರಗಿನ ಜೊತೆ ಕಳವಳವನ್ನೂ ತಂದಿತು. ಅಂಗಾಂಶ ಅಷ್ಟು ತಾಜಾ ಉಳಿದಿದೆ ಎಂದರೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೂ ಅದು ತಾಜಾ ಊಟವೇ. ವಯಸ್ಸಾದ ಇಂಗಾಲ ಎಂದರೆ ಸತ್ತ್ವವಿಲ್ಲದ್ದು, ಜೀರ್ಣವಾಗದ್ದು ಎಂಬುದು ಬಹುತೇಕ ಮಣ್ಣುಗಳಿಗೆ ಹೊಂದುವ ಮಾತು. ಅಲ್ಲಿ ಸುಲಭವಾದದ್ದನ್ನು ಜೀವಿಗಳು ಮೊದಲೇ ತಿಂದು ಮುಗಿಸಿರುತ್ತವೆ, ಕಷ್ಟದ್ದು ಮಾತ್ರ ಉಳಿದಿರುತ್ತದೆ. ಯೆಡೋಮಾದಲ್ಲಿ ಊಟ ಶುರುವಾಗುವ ಮೊದಲೇ ಬಾಗಿಲು ಮುಚ್ಚಿತ್ತು.

ಗೋಡೆಯ ಬುಡದಲ್ಲಿ ಬೆರಳಗಲದ ತೊರೆಗಳು ಕೆಸರನ್ನು ಸೀಳಿ ನದಿಯತ್ತ ಓಡುತ್ತಿವೆ. ಒಂದರಲ್ಲಿ ಬಾಟಲಿ ಅದ್ದಿ. ಕಪ್ಪುಗಂದು, ಮಡ್ಡಿ. ಇಂಥ ನೀರಿನಲ್ಲಿ ಕರಗಿದ ಇಂಗಾಲ ಲೀಟರಿಗೆ ನೂರು ಮಿಲಿಗ್ರಾಂ ದಾಟುವುದುಂಟು. ನೆರೆಯ ಸಮಯದ ಕೊಲಿಮಾದ ಹತ್ತು ಪಟ್ಟು. ವಯಸ್ಸು ಅಳೆದರೆ ಇಪ್ಪತ್ತು ಸಾವಿರ ವರ್ಷ ಮೀರುತ್ತದೆ. ಹಾಗಾದರೆ ಹಳೆಯ ಇಂಗಾಲ ಹೊರಗೆ ಬರುತ್ತಲೇ ಇದೆ, ನಿಮ್ಮ ಕಣ್ಣೆದುರೇ ನದಿಗೆ ಬೀಳುತ್ತಿದೆ.

ಇದಕ್ಕೆ ಮುಂದೇನಾಗುತ್ತದೆ ಎಂದು ತಿಳಿಯುವ ವಿಧಾನ ತೀರಾ ಸರಳ. ತೊರೆಯ ನೀರನ್ನು ಸೋಸಿ, ಗಾಜಿನ ಬಾಟಲಿಗೆ ತುಂಬಿ, ಕೆಲವು ಹನಿ ನದಿನೀರನ್ನು ಸೂಕ್ಷ್ಮಜೀವಿಗಳಿಗೋಸ್ಕರ ಸೇರಿಸಿ, ಕತ್ತಲಲ್ಲಿ ಇಟ್ಟುಬಿಡುವುದು. ದಿನ ಬಿಟ್ಟು ದಿನ ತೆಗೆದು ಅಳೆಯುವುದು. ಯೋರಿನ್ ವಾಂಕ್ ಎಂಬ ಡಚ್ ಸಂಶೋಧಕಿ ಮತ್ತು ಸಂಗಡಿಗರು ದುವಾನ್ನಿ ಯಾರ್‌ನ ನೀರಿನಿಂದ ಹೀಗೆ ಮಾಡಿ 2013ರಲ್ಲಿ ಪ್ರಕಟಿಸಿದರು: ಹದಿನಾಲ್ಕು ದಿನಗಳಲ್ಲಿ ಕರಗಿದ ಇಂಗಾಲದ ಮೂರನೇ ಒಂದು ಪಾಲು ಇಲ್ಲವಾಗಿತ್ತು. ಅಲಾಸ್ಕಾದ 35,800 ವರ್ಷ ಹಳೆಯ ಹೆಪ್ಪುಮಣ್ಣಿನ ಮೇಲೆ ಟ್ರಾವಿಸ್ ಡ್ರೇಕ್ ತಂಡ ಇನ್ನೂ ಸೂಕ್ಷ್ಮವಾಗಿ ನೋಡಿತು. 200 ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಜೀವಿಗಳು ತಿಂದದ್ದರಲ್ಲಿ ನೂರಕ್ಕೆ 87 ಪಾಲು ಅಸಿಟೇಟ್ ಮತ್ತು ಬ್ಯುಟಿರೇಟ್ ಎಂಬ ಎರಡು ಸಣ್ಣ ಆಮ್ಲಗಳ ರೂಪದಲ್ಲಿತ್ತು. ವಿನೆಗರ್‌ನ ಹುಳಿ ಬರುವುದು ಅದೇ ಅಸಿಟಿಕ್ ಆಮ್ಲದಿಂದ. ಒಡೆಯಲು ಕಷ್ಟವೇ ಇಲ್ಲದ ಅಣುಗಳು; ಸೂಕ್ಷ್ಮಜೀವಿ ಅವನ್ನು ಒಳಗೆಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಅಷ್ಟೇ.

ಈಗ ಚೆರ್ಸ್ಕಿಯ ಬಾಟಲಿಯನ್ನು ಮತ್ತೊಮ್ಮೆ ಓದಿ. ನೀರು ಗೋಡೆಯ ಬುಡದ ತೊರೆಯಿಂದ ಹಳ್ಳಕ್ಕೆ, ಹಳ್ಳದಿಂದ ಉಪನದಿಗೆ, ಅಲ್ಲಿಂದ ಮುಖ್ಯ ನದಿಗೆ ಸೇರಿ ಕೊನೆಯ ಊರು ತಲುಪುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ತಿನ್ನಲು ಅತಿ ಸುಲಭವಾದದ್ದು ಅತಿ ಹಳೆಯದೇ. ಅದು ಮೊದಲು ಖರ್ಚಾಗುತ್ತದೆ, ಹೊಸ ಎಲೆಯ ಇಂಗಾಲದಲ್ಲಿ ಗಟ್ಟಿಯಾದ ಪಾಲು ಉಳಿದು ಬರುತ್ತದೆ. ಉಳಿದ ಚೂರುಪಾರು ಹಳೆಯದೂ ನದಿಯ ಅಗಾಧ ನೀರಿನಲ್ಲಿ ಕಲಸಿಹೋಗುತ್ತದೆ. ನದೀಮುಖದಲ್ಲಿ ಹಳೆಯ ಇಂಗಾಲ ಸಿಗದಿರುವುದು ಅದು ಬಿಡುಗಡೆಯಾಗಿಲ್ಲ ಎಂಬುದಕ್ಕೆ ಆಧಾರವಾಗಲಾರದು. ಆಗಲೇ ಗಾಳಿಗೆ ಸೇರಿದ್ದರೂ ಬಾಟಲಿ ಹೀಗೆಯೇ ಕಾಣುತ್ತಿತ್ತು. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಇದು. ಎರಡು ದಶಕ ಕಷ್ಟಪಟ್ಟು ಕಟ್ಟಿದ, ಜಗತ್ತು ನೆಚ್ಚಿಕೊಂಡ ಅಳತೆಯ ಜಾಗ ನದಿಯ ಕೊನೆಯಲ್ಲಿದೆ. ಕಳವು ನಡೆಯುವುದು ಅದರ ಮೊದಲಲ್ಲಿ, ಹೆಸರಿಲ್ಲದ ತೊರೆಗಳಲ್ಲಿ.

ಇದು ಕರಗಿದ ಪಾಲಿನ ಕಥೆ. ನಿಮ್ಮ ಬೂಟಿಗೆ ಅಂಟಿದ ಕೆಸರು ಬೇರೆ ದಾರಿ ಹಿಡಿಯುತ್ತದೆ. ಮಣ್ಣಿನ ಖನಿಜಕ್ಕೆ ಕಚ್ಚಿಕೊಂಡ ಇಂಗಾಲವನ್ನು ಬಿಡಿಸಿ ತಿನ್ನುವುದು ಸುಲಭವಲ್ಲ, ಮೇಲಾಗಿ ಅದು ತೂಕದಿಂದ ತಳಕ್ಕೆ ಇಳಿಯುತ್ತದೆ. ಚೆರ್ಸ್ಕಿಯ ಸೋಸುಬಿಲ್ಲೆಯ ಮೇಲೆ ಉಳಿದಿತ್ತಲ್ಲ ಆ ಕಂದು ಕೆಸರು, ಅದರ ವಯಸ್ಸು ಅಳೆದರೆ ಬರುವುದು ಸಾವಿರಾರು ವರ್ಷ. ಒಂದೇ ಬಾಟಲಿ, ಬಿಲ್ಲೆಯ ಮೇಲೆ ಮುದುಕ, ಕೆಳಗೆ ಹಸುಗೂಸು.

ಈ ಕೆಸರಿನ ಬಗ್ಗೆ ಹೆಚ್ಚು ಸ್ಪಷ್ಟವಾಗಿ ಹೇಳಿದ್ದು ಕೆನಡಾದ ಮೆಕೆಂಜಿ. ಆರೂ ನದಿಗಳಲ್ಲಿ ಅತ್ಯಂತ ಹೆಚ್ಚು ಮೆಕ್ಕಲು ತರುವುದು ಅದೇ. ಪಶ್ಚಿಮದ ಬೆಟ್ಟಗಳನ್ನು ಕೊರೆದು ತರುತ್ತದೆ. ರಾಬರ್ಟ್ ಹಿಲ್ಟನ್ ಮತ್ತು ಸಂಗಡಿಗರು ಅದರ ನೀರನ್ನು ಮೇಲ್ಮೈಯಿಂದ ತಳದವರೆಗೆ ಬೇರೆಬೇರೆ ಆಳದಲ್ಲಿ ಹಿಡಿದು, ಸಮುದ್ರತಳದ ಹೂಳನ್ನೂ ಪರೀಕ್ಷಿಸಿ 2015ರಲ್ಲಿ ಲೆಕ್ಕ ಕೊಟ್ಟರು. ಗಿಡ ಮತ್ತು ಮಣ್ಣಿನಿಂದ ಬಂದ ಕಣರೂಪದ ಇಂಗಾಲ ವರ್ಷಕ್ಕೆ ಸುಮಾರು 22 ಲಕ್ಷ ಟನ್, ಸರಾಸರಿ ವಯಸ್ಸು 5,800 ವರ್ಷ. ಅದರಲ್ಲಿ ಸಾಕಷ್ಟು ಪಾಲು ಬ್ಯೂಫೋರ್ಟ್ ಸಮುದ್ರದಡಿಯ ತಣ್ಣನೆಯ ಹೂಳಿನಲ್ಲಿ ಬೇಗ ಹೂತುಹೋಗಿ, ಗಾಳಿಯಿಂದ ಸಾವಿರಾರು ವರ್ಷ ದೂರ ಉಳಿಯುತ್ತದೆ. ಅಲ್ಲಿ ನದಿ ಇಂಗಾಲವನ್ನು ಒಂದು ಉಗ್ರಾಣದಿಂದ ಎತ್ತಿ ಇನ್ನೊಂದಕ್ಕೆ ಇಡುತ್ತಿದೆ.

ಆದರೆ ಕೊಲಿಮಾ ಸೇರುವ ಸಮುದ್ರ ಮೆಕೆಂಜಿಯದ್ದರಂತಲ್ಲ. ಪೂರ್ವ ಸೈಬೀರಿಯಾದ ಕರಾವಳಿಯಾಚೆ ನೂರಾರು ಕಿಲೋಮೀಟರ್ ದೂರದವರೆಗೆ ನೀರು ಆಳವಿಲ್ಲ, ಬಿರುಗಾಳಿ ಎದ್ದರೆ ತಳದ ಹೂಳು ಮತ್ತೆ ಮೇಲಕ್ಕೇಳುತ್ತದೆ. ಕೂತ ಕಣ ಏಳುತ್ತ, ಎದ್ದದ್ದು ಕೂರುತ್ತ ಅಂಗುಲ ಅಂಗುಲವಾಗಿ ಮುಂದೆ ಸಾಗುತ್ತದೆ. ಅಷ್ಟು ಕಾಲವೂ ಅದಕ್ಕೆ ಆಮ್ಲಜನಕ ಸಿಗುತ್ತಿರುತ್ತದೆ, ಅಷ್ಟು ಕಾಲವೂ ತಿನ್ನುವವರು ಇರುತ್ತಾರೆ. ಅಲ್ಲಿನ ಕರಾವಳಿಯ ಯೆಡೋಮಾ ಗೋಡೆಗಳೂ ಸಮುದ್ರತಳವೂ ಸವೆಯುವುದರಿಂದ ವರ್ಷಕ್ಕೆ ಸುಮಾರು 4.4 ಕೋಟಿ ಟನ್ ಹಳೆಯ ಇಂಗಾಲ ಎಚ್ಚೆತ್ತುಕೊಳ್ಳುತ್ತದೆ, ಅದರ ಮೂರನೇ ಎರಡು ಪಾಲು ಗಾಳಿಗೆ ಹೋಗುತ್ತದೆ ಎಂದು ವಾಂಕ್ ಮತ್ತು ಓರ್ಯಾನ್ ಗುಸ್ಟಾಫ್ಸನ್ ಅವರ ತಂಡ 2012ರಲ್ಲಿ ಅಂದಾಜು ಮಾಡಿತು. ಮೆಕೆಂಜಿಯ ಲೆಕ್ಕ ತೋರಿಸಿ ನಿರಾಳವಾಗುವವರು, ಈ ಲೆಕ್ಕ ತೋರಿಸಿ ಗಾಬರಿಯಾಗುವವರು ಇಬ್ಬರೂ ಇದ್ದಾರೆ. ನನಗೆ ಎರಡೂ ನಿಜವಾಗಿ ಕಾಣುತ್ತವೆ. ಮಣ್ಣಿನ ಕಣ ಎಷ್ಟು ಬೇಗ ಮುಚ್ಚಿದ ಹೂಳಿನ ಕೆಳಗೆ ಸೇರುತ್ತದೆ ಎಂಬುದರ ಮೇಲೆ ಅದರ ಗತಿ ನಿಂತಿದೆ, ಮತ್ತು ಆ ವೇಗ ಪ್ರತಿ ನದಿಗೂ ಬೇರೆ.

ಸೆಪ್ಟೆಂಬರ್. ಲಾರ್ಚ್ ಸೂಜಿಗಳು ಹಳದಿಯಾಗಿ ಉದುರುತ್ತಿವೆ, ಮುಂದಿನ ಜೂನ್‌ನ ಕಂದು ನೀರು ಅಲ್ಲಿಂದಲೇ ತಯಾರಾಗುತ್ತಿದೆ. ನೆಲ ವರ್ಷದಲ್ಲೇ ಹೆಚ್ಚು ಆಳಕ್ಕೆ ಕರಗಿರುವುದು ಈಗ. ಕಬ್ಬಿಣದ ಸರಳನ್ನು ಪಾಚಿಯ ಮೂಲಕ ಒತ್ತಿದರೆ ಅರ್ಧ ಮೀಟರಿನಷ್ಟು ಇಳಿದು, ಟಕ್ಕೆಂದು ಹೆಪ್ಪಿಗೆ ತಾಗುತ್ತದೆ. ಮಳೆನೀರು ಈಗ ತರಗೆಲೆಯಲ್ಲಷ್ಟೇ ನುಸುಳದೆ ಕೆಳಗಿನ ಖನಿಜ ಮಣ್ಣನ್ನೂ ಹಾದು ಬರುತ್ತದೆ. ಆ ಮಣ್ಣು ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ನದಿಯಲ್ಲಿ ಪ್ರಮಾಣ ಕಡಿಮೆ. ಆದರೆ ಬಂದಷ್ಟು ಹೆಚ್ಚು ಹಳೆಯದು. ಜೂನ್‌ನಲ್ಲಿ ಕಾಣದ ವಯಸ್ಸು ಚೆರ್ಸ್ಕಿಯ ಬಾಟಲಿಯಲ್ಲಿ ಕೊಂಚವಾದರೂ ಕಾಣಿಸಿಕೊಳ್ಳುವುದು ಈ ಕೆಲವು ವಾರಗಳಲ್ಲಿ. ಕರಗುವ ಪದರ ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋದರೆ ಅದರ ಮೊದಲ ಸುಳಿವು ಸಿಗಬೇಕಾದ್ದು ಸೆಪ್ಟೆಂಬರ್‌ನ ಈ ನೀರಿನಲ್ಲೇ, ಹಿಂದಿನ ಸೆಪ್ಟೆಂಬರ್‌ಗಳ ಜೊತೆ ಇಟ್ಟು ನೋಡಿದಾಗ.

ಹಾಗೆ ಇಟ್ಟು ನೋಡಲು ಸಾಲು ಕಡಿಯಬಾರದು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿದ ಮೇಲೆ ಪಶ್ಚಿಮದ ಸಂಸ್ಥೆಗಳಿಗೂ ರಷ್ಯಾದ ಕೇಂದ್ರಗಳಿಗೂ ಇದ್ದ ಒಡನಾಟ ಮುರಿಯಿತು. ಆರು ನದಿಗಳ ಬಾಟಲಿಗಳು ಒಂದೇ ಪ್ರಯೋಗಾಲಯಕ್ಕೆ, ಒಂದೇ ಯಂತ್ರಕ್ಕೆ ಬರುವ ಏರ್ಪಾಡು ಅದರೊಂದಿಗೆ ನಿಂತಿತು. ಆ ಸಾಲಿನಲ್ಲಿ ಮುಂದುವರಿದವು ಯುಕಾನ್ ಮತ್ತು ಮೆಕೆಂಜಿ. ಆರು ನದಿಗಳು ಸಾಗರಕ್ಕೆ ಒಯ್ಯುವ ಕರಗಿದ ಇಂಗಾಲದಲ್ಲಿ ಅವೆರಡರ ಪಾಲು ಆರನೇ ಒಂದಕ್ಕಿಂತಲೂ ಕಡಿಮೆ.